ಅಕ್ಕಿ ಚೀಲದ ದಾರ

ನರಸಿಂಹರಾಜಪುರ
18 ಫೆಬ್ರವರಿ 2025

ಚೈತ್ರಾ ಮಗಳೇ,

ಕರ್ತನ ಸಮಾಧಾನ ನಿನ್ನ ಮನೆಯಲ್ಲಿರಲಿ. ನೀನು ನನ್ನ ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ. ಕೊಪ್ಪದ ಬಸ್ಸಿನ ಕಂಡಕ್ಟರ್ ಯೋಗೇಂದ್ರ ಬಾಳಗಡಿಯಲ್ಲಿ ಇಳಿದು ನಿನ್ನ ಜೆರಾಕ್ಸ್ ಅಂಗಡಿಗೆ ಕೊಡುತ್ತೇನೆ ಅಂದಿದ್ದಾನೆ. ಹರಿಯುವುದಾದರೆ ಓದಿ ಆಮೇಲೆ ಹರಿ.

ನೀನು ಸಭೆಗೆ ಬರದೆ ಐದು ಭಾನುವಾರವಾಯಿತು. ನಿನ್ನ ಅಪ್ಪ ಮೊನ್ನೆ ಬಂದು ಹೇಳಿದ, "ಮಾರ್ಚ್ ಎರಡಕ್ಕೆ ಅಳಿಯ ಮೋಹಿತ ತೀರಿಹೋಗಿ ವರ್ಷ. ಪ್ರಾರ್ಥನೆ ಬೇಡ ಅಂತಾಳೆ ಕಣೇ. ಪಾಪಿಗೆ ಎಂತ ಪ್ರಾರ್ಥನೆ, ಬೇಕಾದ್ರೆ ಅತ್ತೇನ್ನೇ ಕೇಳಿ ಅಂತಾಳೆ." ನನ್ನ ಒಡಹುಟ್ಟಿದ ಅಣ್ಣ ನನ್ನ ಮುಖ ನೋಡದೆ ಕಾಫಿ ಕುಡಿದು ಹೋದ.

ಆ ದಿನದ್ದನ್ನು ನೇರವಾಗಿ ಬರೆಯುತ್ತೇನೆ. ಮಹಿಳಾ ಕೂಟದಲ್ಲಿ ಬೈಬಲ್ಲಿನ ಆದಿಕಾಂಡದ ಪಾಠ ನನ್ನದಾಗಿತ್ತು. ಜನರ ಆಯಸ್ಸು ಯಾಕೆ ಕಡಿಮೆಯಾಗುತ್ತಾ ಬಂತು ಅಂತ ಹೇಳಬೇಕು. ಶಾಲೆಯ ಬಿಸಿಯೂಟದ ಅಕ್ಕಿ ಚೀಲದಿಂದ ಬಿಚ್ಚಿದ ದಾರವನ್ನು ನಾನು ಯಾವತ್ತೂ ಸುತ್ತಿಡುತ್ತೇನಲ್ಲ, ಅದನ್ನೇ ನೂರು ವರ್ಷಕ್ಕೆ ಒಂದು ಗೇಣಿನಂತೆ ಕತ್ತರಿಸಿದೆ. ಎಲ್ಲರಿಗಿಂತ ಹೆಚ್ಚು ಬದುಕಿದ ಮೆತೂಷೆಲಹನದು ಹತ್ತಿರ ಹತ್ತಿರ ಹತ್ತು ಗೇಣು. ಜಲಪ್ರಳಯ ಕಳೆದ ಮೇಲೆ ಶೇಮನದು ಆರು. ಅಬ್ರಹಾಮನದು ಎರಡಕ್ಕೂ ಕಮ್ಮಿ. ಒಬ್ಬೊಬ್ಬರ ಕೈಗೆ ಒಂದೊಂದು ದಾರ ಕೊಡುತ್ತಾ ಹೋದೆ. ಕೊನೆಗೆ ನಾಲ್ಕು ಬೆರಳಿನ ತುಂಡು ಉಳಿಯಿತು. ಸಾಲಿನ ಕೊನೆಯಲ್ಲಿ ಕೂತವಳು ನೀನು. ಅದನ್ನು ನಿನ್ನ ಕೈಯಲ್ಲಿಟ್ಟು, ಪಾಪ ಹೆಚ್ಚಾದ ಹಾಗೆ ಆಯಸ್ಸು ಮೋಟಾಯಿತು, ಈಗಿನ ಕೆಲವರದು ಇಷ್ಟೇ, ಅಂದೆ. ನೀನು ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಎದ್ದು ಹೋದೆ. ಮೂವತ್ತೆರಡು ವರ್ಷಕ್ಕೆ ಎದೆ ನೋವು ಬಂದು ಹೋದವನ ಹೆಂಡತಿಯ ಕೈಗೆ ನಾನು ಕೊಟ್ಟದ್ದು ಅದು.

ಬಾಯಿ ತಪ್ಪಿ ಬಂತು ಅಂತ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಅದು ಸುಳ್ಳು. ಮೋಹಿತ ಎರಡು ವರ್ಷದಿಂದ ಸಭೆಗೆ ಬರುವುದು ಬಿಟ್ಟಿದ್ದ. ಆ ತುಂಡು ಕತ್ತರಿಸುವಾಗ ನನ್ನ ಮನಸ್ಸಿನಲ್ಲಿ ಅವನೇ ಇದ್ದ. ಅದು ನಿನ್ನ ಕೈಗೆ ಬರುತ್ತದೆ ಅಂತ ಮಾತ್ರ ಯೋಚಿಸಿರಲಿಲ್ಲ.

ಆಮೇಲೆ ಸಭೆಯ ಅಯ್ಯನವರನ್ನು, ಆಯಸ್ಸು ಯಾಕೆ ಕಮ್ಮಿಯಾಯಿತು ಅಂತ ಕೇಳಿದೆ. ಪ್ರಳಯದ ನಂತರ ಭೂಮಿಯೇ ಬದಲಾಯಿತು ಅನ್ನುವವರಿದ್ದಾರೆ, ಮಾಂಸ ತಿನ್ನಲು ಶುರುಮಾಡಿದ್ದಕ್ಕೆ ಅನ್ನುವವರಿದ್ದಾರೆ, ಆಗಿನವರ ಎಣಿಕೆಯೇ ಬೇರೆ ಅನ್ನುವವರೂ ಇದ್ದಾರೆ, ಹೀಗೇ ಅಂತ ಕಾರಣ ಬರೆದಿಲ್ಲ ಸುಲೋಚನಮ್ಮ, ಅಂದರು. ಬರೆದಿಲ್ಲದ್ದನ್ನು ನಾನು ಬರೆದ ಹಾಗೆ ಹೇಳಿದ್ದೆ.

ನನ್ನ ಜೊತೆ ಅಡುಗೆ ಮಾಡುವ ಸೀತಕ್ಕನಿಗೂ ಹೇಳಿದೆ. ಅವಳು ಬೀನ್ಸ್ ಹೆಚ್ಚುತ್ತಿದ್ದವಳು ಕತ್ತಿ ಕೆಳಗಿಟ್ಟು, "ಒಂಬೈನೂರು ವರ್ಷನಾ! ಅಷ್ಟು ವರ್ಷ ಅತ್ತೆ ಕಾಟ ತಡ್ಕಳದು ಯಾರು ಮಾರಾಯ್ತಿ? ಸೊಸೇರ ಅವಸ್ಥೆ ನೋಡೇ ನಿಮ್ ದೇವ್ರು ಕಮ್ಮಿ ಮಾಡಿರ್ಬೇಕು" ಅಂದಳು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ಅವಳ ಮಾತು ಬಿಡಲಿಲ್ಲ. ಅಷ್ಟು ಆಯಸ್ಸು ಇದ್ದವರೇ ತಾನೇ ಭೂಮಿಯ ತುಂಬ ಹಿಂಸೆ ತುಂಬಿಸಿದ್ದು? ಕಡಿಮೆ ಮಾಡಿದ್ದು ಶಿಕ್ಷೆಯೇ ಆಗಬೇಕೆಂದಿಲ್ಲ, ಕರುಣೆಯೂ ಇರಬಹುದು. ಗೊತ್ತಿಲ್ಲ.

ಆದರೆ ಇದು ಗೊತ್ತು. ಇನ್ನೊಂದು ಸಲ ಮೊದಲಿಂದ ಓದಿದೆ. ಎಲ್ಲರಿಗಿಂತ ಮೊದಲು ಸತ್ತವನು ಹೇಬೆಲ; ಅವನು ತಪ್ಪು ಮಾಡಿದವನಲ್ಲ. ಕೊಂದ ಅಣ್ಣ ಬದುಕಿ ಊರು ಕಟ್ಟಿದ. ಪ್ರಳಯದ ಮೊದಲಿನವರ ಪಟ್ಟಿಯಲ್ಲಿ ಎಲ್ಲರಿಗಿಂತ ಕಡಿಮೆ ವರ್ಷ ಇದ್ದವನು ಹನೋಕ. ದೇವರ ಜೊತೆಯಲ್ಲೇ ನಡೆದವನು ಅವನು. ಇಷ್ಟು ವರ್ಷ ಪಾಠ ಮಾಡಿದೆ, ದಾರ ಅಳೆದೆ, ಇದು ಕಣ್ಣಿಗೆ ಬಿದ್ದಿರಲಿಲ್ಲ. ದಾರದ ಉದ್ದ ನೋಡಿ ಮನುಷ್ಯನನ್ನು ತೂಗಲಿಕ್ಕೆ ಬರುವುದಿಲ್ಲ, ಚೈತ್ರಾ. ಮೋಹಿತನನ್ನು ತೂಗಲಿಕ್ಕೆ ನಾನು ಯಾರು?

ಕಳೆದ ಭಾನುವಾರ ಕೂಟದಲ್ಲಿ ಎದ್ದು ನಿಂತು ಇದನ್ನೆಲ್ಲ ಹೇಳಿದೆ, ನಿನ್ನ ಹೆಸರು ಹಿಡಿದೇ ಹೇಳಿದೆ. ಕೂಟದಲ್ಲಿ ಎಲ್ಲರಿಗಿಂತ ಹಿರಿಯರಾದ ಗುಡ್ಡಮ್ಮ, "ಈಗ ಗೊತ್ತಾಯ್ತಾ?" ಅಂದರು. ಅವರು ಅಂದದ್ದು ಸರಿ.

ಮಾರ್ಚ್ ಎರಡೂ ಭಾನುವಾರವೇ. ಬೆಳಿಗ್ಗೆ ಏಳಕ್ಕೆ ನಾನು ಮೋಹಿತನ ಸಮಾಧಿಯ ಹತ್ತಿರ ಇರುತ್ತೇನೆ. ನೀನು ಪ್ರಾರ್ಥನೆ ಇಡಿಸಿದರೆ ಹಿಂದೆ ನಿಲ್ಲುತ್ತೇನೆ. ಇಡಿಸದಿದ್ದರೆ ಒಬ್ಬಳೇ ಮೊಣಕಾಲೂರಿ ಬರುತ್ತೇನೆ. ನನ್ನ ಮುಖ ನೋಡಲು ಮನಸ್ಸಿಲ್ಲದಿದ್ದರೆ ಎಂಟರ ಮೇಲೆ ಬಾ, ನಾನು ಹೋಗಿರುತ್ತೇನೆ.

ನಿನ್ನ ಅತ್ತೆ,
ಸುಲೋಚನ

ಮರೆತದ್ದು: ನನ್ನ ಮದುವೆಯಲ್ಲಿ ನಿನ್ನ ಅಜ್ಜ ಕೊಟ್ಟ ಸತ್ಯವೇದದ ಮೊದಲ ಹಾಳೆಯಲ್ಲಿ ನಮ್ಮ ಮನೆಯ ಹುಟ್ಟು ಸಾವು ಬರೆದಿದೆ, ನೀನು ನೋಡಿದ್ದೀಯ. ನನ್ನ ಮಗಳು ಅರ್ಪಿತಾಗಿಂತ ಮೊದಲು ನನಗೊಂದು ಹೆಣ್ಣು ಕೂಸು ಹುಟ್ಟಿತ್ತು, ಅದು ಅಲ್ಲಿಲ್ಲ. ದೀಕ್ಷಾಸ್ನಾನ ಆಗದ್ದನ್ನು ಬರೆಯಬಾರದು ಅಂತ ನನ್ನ ಅತ್ತೆ ತಡೆದರು. ಬಸುರಿಯಾಗಿದ್ದಾಗ ಅವರಿಗೆ ಎದುರು ಮಾತಾಡಿದ ಪಾಪಕ್ಕೇ ಅದು ಹೋಯಿತು ಅಂತ ಇಪ್ಪತ್ತೇಳು ವರ್ಷ ನಂಬಿದ್ದೆ. ನಿನಗೆ ಅವತ್ತು ಅಂದದ್ದು ನಾನು ನನಗೇ ದಿನಾ ಅಂದುಕೊಳ್ಳುತ್ತಿದ್ದ ಮಾತು. ನಿನ್ನೆ ಬರೆದೆ: ಪವಿತ್ರಾ, ಮೂರು ದಿನ. ಅದರ ಕೆಳಗಿನ ಸಾಲು ಮೋಹಿತನಿಗೆ ಬಿಟ್ಟಿದ್ದೇನೆ. ಅವನು ಹುಟ್ಟಿದ ತಾರೀಖು ನನಗೆ ಗೊತ್ತಿಲ್ಲ. ನೀನೇ ಬಂದು ಬರೆಯಬೇಕು.