ಬಲೀಂದ್ರನ ಮರುದಿನದ ಹಲಗೆ

ಪಡುಬಿದ್ರಿ
14 ಅಕ್ಟೋಬರ್ 2025, ಮಂಗಳವಾರ

ಪ್ರೀತಿಯ ತಮ್ಮ ಕರುಣಾಕರನಿಗೆ,

ಮಸ್ಕತ್ತಿನ ಏಸಿಗೆ ನಿನ್ನ ಮೊಣಕಾಲು ಹೇಗುಂಟು? ಮಗಳ ಬಾಣಂತನಕ್ಕೆ ಹೋದವನು ಮಗುವನ್ನು ಎತ್ತಿಕೊಂಡೇ ಕೂರಬೇಡ, ಆಮೇಲೆ ಕೆಳಗೆ ಮಲಗುವುದಿಲ್ಲ. ಫೋಟೋದಲ್ಲಿ ಮೂಗು ನಮ್ಮ ಅಪ್ಪನದ್ದೇ! ಫೋನಿನಲ್ಲಿ ಹೇಳಿದರೆ ನೀನು ಮಧ್ಯ ಬಾಯಿ ಹಾಕುತ್ತೀ. ಅದಕ್ಕೇ ನಾಳೆ ವಿಮಾನ ಹತ್ತುವ ಸುಕೇಶನ ಕೈಯಲ್ಲಿ ಹಪ್ಪಳದ ಜೊತೆ ಇದನ್ನೂ ಕಳಿಸುತ್ತಿದ್ದೇನೆ.

ಮಣಿಪಾಲದಲ್ಲಿ ಓದುವ ಮೊಮ್ಮಗಳು ತನ್ವಿ ಈಗ ನಮ್ಮ ಶಾಂಭವಿ ಹೊಳೆಯ ಮಳೆಯ ಲೆಕ್ಕ ಹಿಡಿದಿದ್ದಾಳೆ. ಕಾರ್ಕಳದ ಘಟ್ಟದ ಬುಡದಿಂದ ಕಡಲ ತನಕ ಎಲ್ಲೆಲ್ಲಿ ಮಳೆ ಅಳೆದಿದ್ದಾರೋ ಅಲ್ಲಿಯ ಅರುವತ್ತು ಎಪ್ಪತ್ತು ವರ್ಷಗಳ ಅಂಕಿ. ಅವಳು ಲ್ಯಾಪ್‌ಟಾಪ್ ತೆರೆದರೆ ನಾನು ಮಲ್ಲಿಗೆ ಕಟ್ಟುತ್ತಾ ಪಕ್ಕದಲ್ಲೇ. ಸರಾಸರಿ ಎಂದರೆ ಎಂತ, ಗೆರೆ ಯಾಕೆ ಓರೆಯಾಗಿ ಏರುತ್ತದೆ, ಎಲ್ಲ ಈಗ ನನಗೆ ಗೊತ್ತುಂಟು ಮಾರಾಯ! ವರ್ಷದ ಒಟ್ಟು ಮಳೆ ಹೆಚ್ಚೇನೂ ಬದಲಾಗಿಲ್ಲ. ಆದರೆ ಜುಲೈಯ ಪಾಲು ಇಳಿದಿದೆ, ಅಕ್ಟೋಬರ್ ಕೊನೆಯದ್ದು ಏರಿದೆ, ಅದೂ ಕಾರ್ಕಳದ ಕಡೆ. ನಾವಿಲ್ಲಿ ಬಿಸಿಲಿಗೆ ಹಪ್ಪಳ ಒಣಗಿಸುವಾಗ ಅಲ್ಲಿ ಸುರಿದದ್ದು ಸಂಜೆಗೆ ಕೆಂಪಾಗಿ ನಮ್ಮ ಕಿಂಡಿ ಅಣೆಕಟ್ಟಿಗೆ ಬರುತ್ತದೆ.

ಬೇಸಿಗೆಗೆ ನೀರು ನಿಲ್ಲಿಸಲು ನಾವು ಕಿಂಡಿಗೆ ಹಲಗೆ ಇಳಿಸುವುದು ಯಾವಾಗ? ದೀಪಾವಳಿಗೆ ಗದ್ದೆಯಲ್ಲಿ ದೀಪ ಇಟ್ಟು ಬಲೀಂದ್ರನನ್ನು ಕರೆದ ಮರುದಿನ. ನೀನು ಅಣೆಕಟ್ಟಿನ ಕಮಿಟಿಗೆ ಅಧ್ಯಕ್ಷನಾದ ಮೇಲಂತೂ "ಅಪ್ಪನ ಕ್ರಮ ಅಕ್ಕ, ಅದರಲ್ಲಿ ಮಾತಿಲ್ಲ" ಎಂದು ಒಂದೇ ಹಟ. ದೀಪಾವಳಿ ಒಂದು ವರ್ಷ ನವೆಂಬರಿಗೆ, ಇನ್ನೊಂದು ವರ್ಷ ಅಕ್ಟೋಬರಿಗೆ, ಅಲ್ವಾ? ಬೇಗ ಬಂದ ವರ್ಷಗಳನ್ನು ಬೇರೆ ಮಾಡಿ ತೋರಿಸು ಎಂದು ತನ್ವಿಗೆ ಹೇಳಿದೆ. ಹೊಳೆಯ ದಂಡೆ ಒಡೆದ ವರ್ಷಗಳೆಲ್ಲ ಅಲ್ಲೇ ಸಾಲಾಗಿ ಕೂತಿದ್ದವು! ಮೂರು ವರ್ಷದ ಹಿಂದೆ ನಿನ್ನ ಪೈರು ಕೊಯ್ಯುವ ಮೊದಲೇ ನೀರುಪಾಲಾಯಿತಲ್ಲ, ದೈವಕ್ಕೆ ಎಂತ ತಪ್ಪಾಯಿತೆಂದು ನೀನು ಜೋಯಿಸರಲ್ಲಿ ಕೇಳಿಸಿದ್ದಿಯಲ್ಲ, ಅದೂ. "ಅಜ್ಜೀ, ತಪ್ಪು ಕ್ಯಾಲೆಂಡರಿನದ್ದು!" ಎಂದು ತನ್ವಿ ಕುಣಿದಳು. ನಾನು ಏಳುವ ಭರದಲ್ಲಿ ಹೂವಿನ ಬುಟ್ಟಿಯನ್ನೇ ಕೆಡವಿದೆ. ಅಪ್ಪನ ಕ್ರಮ ಅಪ್ಪನ ಕಾಲಕ್ಕೆ ಸರಿಯೇ. ಆಗ ಇದ್ದದ್ದು ಮಣ್ಣಿನ ಕಟ್ಟ. ನೆರೆ ಬಂದರೆ ತಾನೇ ಕರಗಿ ದಾರಿ ಬಿಡುತ್ತಿತ್ತು. ಹಲಗೆ ಬಿಡುವುದಿಲ್ಲ, ನೀರು ಗದ್ದೆಗೆ ಹಾರುತ್ತದೆ.

ಈ ವರ್ಷ ಬಲೀಂದ್ರ ಬರುವ ವಾರವೇ. ನಿನ್ನ ಪೈರು ಇನ್ನೂ ಗದ್ದೆಯಲ್ಲಿ ಉಂಟು. ಹಲಗೆ ಇಳಿಸುವುದು ನವೆಂಬರ್ ಅರ್ಧ ಕಳೆದ ಮೇಲೆ ಆಗಲಿ. ನನ್ನ ಲೆಕ್ಕ ತಪ್ಪಿ ಮಳೆ ಬಾರದಿದ್ದರೆ ಹೊಳೆ ಇಳಿದು ಕಡಲಿನ ಉಪ್ಪು ಮೇಲೆ ಹತ್ತುತ್ತದೆ. ಮೊದಲು ಕೆಡುವುದು ನನ್ನ ಬಾವಿ, ನನ್ನ ಮಲ್ಲಿಗೆ. ಗೊತ್ತಿದ್ದೇ ಹೇಳುತ್ತಿದ್ದೇನೆ. ಬಲೀಂದ್ರನನ್ನು ಕರೆಯುವುದು ತಪ್ಪುವುದಿಲ್ಲ, ನಿನ್ನ ಗದ್ದೆಗೂ ನಾನೇ ದೀಪ ಇಡುತ್ತೇನೆ.

ಬಾಣಂತಿಗೆ ಒಳ್ಳೆಮೆಣಸಿನ ಸಾರು ತಪ್ಪಿಸಬೇಡಿ. ಕೂಸು ನೂರು ಮಳೆಗಾಲ ನೋಡಲಿ.

ನಿನ್ನ ಅಕ್ಕ,
ಮನೋರಮಾ

ಮರೆತೆ: ಹಲಗೆ ಇಳಿಸುವ ರೊಸಾರಿಯೊ ನಿನ್ನೆ ಹಲಗೆ ಕೋಣೆಯ ಬೀಗದ ಕೈ ಕೇಳಲು ಬಂದಿದ್ದ. ಕಾಣುವುದಿಲ್ಲ ಎಂದೆ. ಅಕ್ಕಿ ಡಬ್ಬದಲ್ಲಿ ಉಂಟು. "ಕರುಣಾಕರಣ್ಣ ಒಂದು ಮಾತು ಹೇಳಿದರೆ ಬೀಗ ಒಡೆಯುತ್ತೇನೆ, ಮನೋರಮಕ್ಕ" ಎಂದು ನಗುತ್ತಾ ಹೋಗಿದ್ದಾನೆ. ಇದು ಕೈ ಸೇರಿದ ಕೂಡಲೇ ಅವನಿಗೆ ಫೋನು ಮಾಡು. ಒಡೆ ಎನ್ನುವುದಾದರೆ ಮೊದಲು ನನಗೆ ಹೇಳು. ನೀರು ಬರುವ ಮೊದಲು ನಿನ್ನ ಪೈರು ಕೊಯ್ಯಲು ನಾನೇ ಕತ್ತಿ ಹಿಡಿದು ಗದ್ದೆಗಿಳಿಯುತ್ತೇನೆ.