ಅಕ್ಕ ಮಡಿಸಿದ ನಲವತ್ತೊಂದು ಪ್ಯಾರಾಚೂಟ್‌ಗಳು

ಹಾಸ್ಟೆಲ್, ಮೂರನೇ ಮಹಡಿ, ಕಿಟಕಿ ಪಕ್ಕದ ಮಂಚ
9ನೇ ತಾರೀಕು, ಭಾನುವಾರ ಬೆಳಿಗ್ಗೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮೊದಲು ಮಂಡಿಯ ವಿಷಯ ಹೇಳು. ಚಳಿಗೆ ಹಿಡಿದುಕೊಳ್ಳುತ್ತದೆಯೋ, ಮೆಟ್ಟಿಲು ಇಳಿಯುವಾಗ ಈಗಲೂ ಕಟಕ್ ಅನ್ನುತ್ತದೆಯೋ? ಟಾರ್ಪಾಲಿನ್ ಹೊಲಿಯುವ ಆ ಶೆಡ್ಡಿನಲ್ಲಿ ದಿನವಿಡೀ ನೆಲದ ಮೇಲೆ ಕೂರುತ್ತೀಯಂತೆ. ಒಂದು ಸ್ಟೂಲ್ ಕೇಳಿದರೆ ಅವರದೇನು ಗಂಟು ಹೋಗುತ್ತದೆ? ಡಾಕ್ಟರ್ ಕೊಟ್ಟ ಮಾತ್ರೆ ಬಿಡದೆ ನುಂಗುತ್ತಿದ್ದೀಯಾ? ನೀನು ಫೋನ್ ಎತ್ತುವುದಿಲ್ಲ, ಮೆಸೇಜ್ ಹಾಕಿದರೆ ಎರಡು ನೀಲಿ ಗೆರೆ ಬಿದ್ದು ಅಲ್ಲಿಗೆ ಮುಗಿಯುತ್ತದೆ. ಅದಕ್ಕೇ ಕಾಗದ. ಓದಿದೆಯೋ ಇಲ್ಲವೋ ಎಂದು ಐದೈದು ನಿಮಿಷಕ್ಕೂ ನೋಡುವ ಸಂಕಟವಾದರೂ ತಪ್ಪುತ್ತದೆ. ನನ್ನ ಕನ್ನಡ ನೋಡಿ ನಗಬೇಡ. ಕನ್ನಡ ಮಾತಾಡಿದರೆ ಬೆಂಚಿನ ಮೇಲೆ ನಿಲ್ಲಿಸುವ ಹಾಸ್ಟೆಲ್ ಸ್ಕೂಲಿನಲ್ಲಿ ಹತ್ತು ವರ್ಷ ಬೆಳೆದವಳು ನಾನು. ಈ ಕಾಗದವನ್ನು ಮೂರು ಸಲ ಇಂಗ್ಲಿಷಿನಲ್ಲಿ ಶುರು ಮಾಡಿ ಹರಿದು ಹಾಕಿದ್ದೇನೆ. ಯಾಕೆ ಹರಿದೆ ಎನ್ನುವುದು ಕೆಳಗೆ ಬರುತ್ತದೆ, ಸ್ವಲ್ಪ ತಡೆದುಕೋ.

ನಾನು ಚೆನ್ನಾಗಿದ್ದೇನೆ, ಅಂದರೆ ನನ್ನ ಮಟ್ಟಿಗೆ ಚೆನ್ನಾಗಿದ್ದೇನೆ. ಟೆಕ್ಸ್‌ಟೈಲ್ ಇಂಜಿನಿಯರಿಂಗ್ ಎಂದರೆ ಮಗ್ಗ, ಬಣ್ಣ, ಡಿಸೈನು ಎಂದು ಬಂದು ಸೇರಿದೆ. ಮೊದಲ ಸೆಮಿಸ್ಟರ್ ಪೂರ್ತಿ ಬಟ್ಟೆ ಹರಿಯುವುದನ್ನೇ ಕಲಿಸಿದರು. ಎರಡು ಇಕ್ಕಳದ ನಡುವೆ ಬಟ್ಟೆ ಸಿಕ್ಕಿಸಿ ಎಳೆಯುವ ಯಂತ್ರವೊಂದಿದೆ, ಎಷ್ಟು ಎಳೆದಾಗ ಹರಿಯಿತು ಎಂದು ಬರೆದುಕೊಳ್ಳಬೇಕು. ಹರಿಯುವ ಕ್ಷಣಕ್ಕೆ ಮುಂಚೆ ನಾನು ಪ್ರತಿ ಸಲವೂ ಕಣ್ಣು ಮುಚ್ಚುತ್ತೇನೆ, ಅಂಕಿ ತಪ್ಪುತ್ತದೆ, ಪಕ್ಕದ ಮಂಚದವಳು ಬೈಯುತ್ತಾಳೆ. ಅದಿರಲಿ. ಕಳೆದ ಗುರುವಾರ ನಮ್ಮ ಕ್ಲಾಸನ್ನು ಇಂಡಸ್ಟ್ರಿಯಲ್ ವಿಸಿಟ್ ಎಂದು ಬಸ್ಸಿನಲ್ಲಿ ತುಂಬಿಕೊಂಡು ಹೋದರು. ಎಲ್ಲಿಗೆ ಗೊತ್ತೇ? ನಿನ್ನ ಪ್ಯಾಕಿಂಗ್ ಶೆಡ್ಡಿಗೆ. ಸೇನೆಯ ಪ್ಯಾರಾಚೂಟ್ ಮಡಿಸುವ ಅದೇ ಶೆಡ್ಡಿಗೆ, ನೀನು ಆರು ವರ್ಷ ಕೆಲಸ ಮಾಡಿದ, ಹೋದ ವರ್ಷ ನಿನ್ನನ್ನು ಹೊರಗೆ ಕಳಿಸಿದ ಜಾಗಕ್ಕೆ. ಗೇಟಿನ ಪುಸ್ತಕದಲ್ಲಿ ಹೆಸರು ಬರೆದೆ. ಯಾರ ತಂಗಿ ಎಂದು ಯಾರಿಗೂ ಹೇಳಲಿಲ್ಲ. ಹೆದರಿಕೆಗಿಂತ ಕುತೂಹಲ ಹೆಚ್ಚಾಗಿತ್ತು, ಅಕ್ಕಾ. ಒಬ್ಬ ಮನುಷ್ಯ ಆಕಾಶದಿಂದ ಧುಮುಕಿ ನೆಲಕ್ಕೆ ಇಳಿಯುವಂತೆ ಬಟ್ಟೆಯನ್ನು ಹೇಗೆ ಮಡಿಸುತ್ತಾರೆ ಎಂದು ನೀನು ಒಂದು ದಿನವೂ ನನಗೆ ಸರಿಯಾಗಿ ಹೇಳಿರಲಿಲ್ಲ.

ಆ ಮೇಜುಗಳು ಅಷ್ಟು ಉದ್ದ ಇರುತ್ತವೆ ಎಂದು ಯಾಕೆ ಹೇಳಲಿಲ್ಲ? ನಮ್ಮ ಮನೆಯ ಮುಂಬಾಗಿಲಿಂದ ಹಿತ್ತಿಲವರೆಗೆ ಇಟ್ಟರೂ ಒಂದು ತುದಿ ಹೊರಗೆ ಉಳಿಯುತ್ತಿತ್ತು. ಉಂಗುರ, ವಾಚು ಎಲ್ಲ ಬಾಗಿಲಲ್ಲೇ ಬಿಚ್ಚಿಸಿದರು, ಬಟ್ಟೆಗೆ ಗೀರಬಾರದೆಂದು. ಮಡಿಕೆ ಜಾರದಂತೆ ಮೇಲಿಡುವ ಉದ್ದನೆಯ ಭಾರದ ಚೀಲಗಳನ್ನು ಒಂದೊಂದೇ ಎಣಿಸಿ ತೆಗೆದ ಮೇಲೆಯೇ ಪ್ಯಾಕ್ ಮುಚ್ಚುವುದಂತೆ. ಒಂದು ಒಳಗೇ ಉಳಿದರೆ ಮೇಲೆ ಹೋದವನ ಗತಿ? ಪ್ರತಿ ಪ್ಯಾಕಿಗೂ ಒಂದು ಪುಟ್ಟ ಜೇಬು, ಅದರಲ್ಲೊಂದು ಕಾರ್ಡು, ಕಾರ್ಡಿನಲ್ಲಿ ಮಡಿಸಿದವರ ಸಹಿ. ಇದನ್ನೆಲ್ಲ ತೋರಿಸಿದವರು ನೀನು ಯಾವಾಗಲೂ ಹೇಳುತ್ತಿದ್ದ ಪ್ಯಾಕಿಂಗ್ ಮೇಷ್ಟ್ರು. ಮೀಸೆ ಪೂರ್ತಿ ಬೆಳ್ಳಗಾಗಿದೆ, ಧ್ವನಿ ಮಾತ್ರ ನೀನು ಅಣಕಿಸುತ್ತಿದ್ದ ಹಾಗೆಯೇ ಇದೆ. ಅವರು ಇನ್ನೊಂದು ಪದ್ಧತಿಯನ್ನೂ ಹೇಳಿದರು. ಯಾವ ದಿನ ಬೇಕಾದರೂ ಸಾಹೇಬರು ಬಂದು ಒಂದು ಪ್ಯಾಕಿಗೆ ಬೆರಳು ತೋರಿಸಬಹುದು, ಅದನ್ನು ಮಡಿಸಿದವರೇ ಅದನ್ನು ಬೆನ್ನಿಗೆ ಕಟ್ಟಿಕೊಂಡು ಧುಮುಕಬೇಕು. "ಅದಕ್ಕೇ ಇಲ್ಲಿ ಯಾರೂ ಅವಸರ ಮಾಡಲ್ಲ ನೋಡ್ರಮ್ಮ" ಎಂದರು. ಹಾಗಾದರೆ ನಿನ್ನ ಮಂಡಿ ಹೋದದ್ದು ಹೀಗೆ ಧುಮುಕಿ ನೆಲ ಮುಟ್ಟುವಾಗ! ಬಾತ್‌ರೂಮಿನಲ್ಲಿ ಜಾರಿಬಿದ್ದೆ ಎಂದು ನನಗೂ ಅಪ್ಪನಿಗೂ ಹಸಿ ಸುಳ್ಳು ಹೇಳಿದ್ದೀಯಲ್ಲ.

ನನಗೆ ಬಾಯಿ ಕಟ್ಟಿಕೊಂಡಿರಲು ಬರುತ್ತದೆಯೇ? ಕೈ ಎತ್ತಿ ಕೇಳಿದೆ, ಧುಮುಕುವವರು ಕಾರ್ಡು ತೆಗೆದು ಸಹಿ ಯಾರದು ಎಂದು ನೋಡುತ್ತಾರಾ ಅಂತ. ಮೇಷ್ಟ್ರು "ಯಾರೂ ನೋಡ್ತಿರಲಿಲ್ಲ. ಒಂದೇ ಒಂದು ಸಲ ನೋಡಿದ್ರು" ಎಂದರು. ಪಕ್ಕದ ಮೇಜಿನಿಂದ ಒಬ್ಬ ಹುರಿಮೀಸೆಯವನು "ಅಯ್ಯೋ ಬಿಡಿ ಸಾರ್, ಅದು ಮಡಿಸಿದ್ದನ್ನ ಕಟ್ಕೊಂಡು ಹಾರಿದ್ರೆ ಇಳಿಯೋ ಹೊತ್ತಿಗೆ ನಾವೂ ಸೀರೆ ಉಟ್ಕೊಂಡಿರ್ತೀವಿ" ಎಂದ. ನಾಲ್ಕೈದು ಜನ ನಕ್ಕರು. ನಮ್ಮ ಕ್ಲಾಸಿನವರೂ ಇಬ್ಬರು ನಕ್ಕರು, ಏನು ಎಂದು ಗೊತ್ತಿಲ್ಲದೆ. ನನಗೆ ಗೊತ್ತಾಯಿತು. ನೀನು "ನಾನು ಟ್ರಾನ್ಸ್‌ಜೆಂಡರ್, ಹೆಣ್ಣು" ಎಂದು ಸೇನೆಯ ಡಾಕ್ಟರಿಗೆ ಬರೆದುಕೊಟ್ಟ ಮೇಲೆ ನಿನ್ನನ್ನು "ಅದು" ಮಾಡಿದ್ದಾರೆ. ಮೇಷ್ಟ್ರು ಅವನ ಕಡೆ ನೋಡಲೂ ಇಲ್ಲ. ಎಲ್ಲರನ್ನೂ ಟೀಗೆ ಕಳಿಸಿ, ನನ್ನನ್ನು ಮಾತ್ರ ನಿಲ್ಲಿಸಿ "ಪ್ರಶ್ನೆಪತ್ರಿಕೆ ನೀನೇ ತಾನೆ?" ಎಂದರು. ಮನೆಯಲ್ಲಿ ನನ್ನನ್ನು ಹಾಗೆ ಕರೆಯುವುದನ್ನು ಅವರಿಗೂ ಹೇಳಿಬಿಟ್ಟಿದ್ದೀಯಾ! ನನಗೆ ಅಳು ಬಂತು, ನಗುವೂ ಬಂತು, ಎರಡೂ ಒಟ್ಟಿಗೆ ಬಂದು ಮೂಗು ಸೋರಿತು.

ಆಮೇಲೆ ಒಂದು ರಿಜಿಸ್ಟರ್ ತೋರಿಸಿದರು. ನಿನಗೆ "ಸೇವೆಗೆ ಯೋಗ್ಯರಲ್ಲ" ಎಂಬ ಆದೇಶ ಬಂದ ಮಾರನೇ ದಿನ ಇನ್ನೊಂದು ಆದೇಶ ಬಂತಂತೆ, ನಿನ್ನ ಸಹಿ ಇರುವ ಪ್ಯಾಕ್‌ಗಳನ್ನೆಲ್ಲ ಬಿಚ್ಚಿ, ಪರೀಕ್ಷಿಸಿ, ಬೇರೆಯವರಿಂದ ಮಡಿಸಬೇಕೆಂದು. ಒಟ್ಟು ನಲವತ್ತೊಂದು. ಒಂದೊಂದಕ್ಕೂ ಒಂದು ಸಾಲು, ಕೊನೆಯಲ್ಲಿ ದೋಷ ಎಂಬ ಕಾಲಂ. ನಾನು ಬೆರಳಿಟ್ಟು ಓದಿದೆ ಅಕ್ಕಾ, ಇಲ್ಲ, ಇಲ್ಲ, ಇಲ್ಲ, ನಲವತ್ತು ಸಲ ಇಲ್ಲ. ನಲವತ್ತೊಂದನೇ ಸಾಲಿನಲ್ಲಿ ಬೇರೆ ಕೈಬರಹ: "ಬಳಸಲಾಗಿದೆ. ಸರಿಯಾಗಿ ತೆರೆದುಕೊಂಡಿತು." ಇದೇನು ಎಂದು ಕೇಳಿದೆ. "ಎಲ್ಲಾನೂ ಬಿಚ್ಚಿ ಅಂದ್ರು. ಒಂದನ್ನ ನಾನು ಬೆನ್ನಿಗೆ ಕಟ್ಕೊಂಡು ವಿಮಾನ ಹತ್ತಿದೆ. ಬಿಚ್ಚೋದು ತಾನೆ, ಎಲ್ಲಿ ಬಿಚ್ಚಿದ್ರೇನು? ಅಲ್ಲೇ ಬಿಚ್ಚಿದೆ" ಎಂದರು. ಅವರಿಗೆ ಐವತ್ತಾರು ವರ್ಷ, ಧುಮುಕುವುದನ್ನು ನಿಲ್ಲಿಸಿ ನಾಲ್ಕು ವರ್ಷವಾಗಿತ್ತಂತೆ. ಇದಕ್ಕಾಗಿ ಅವರಿಗೆ ಎಚ್ಚರಿಕೆ ಪತ್ರವೂ ಬಂದಿದೆ. ನಮ್ಮಕ್ಕನಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದರೆ "ಹೇಳೋಕೆ ಏನಿದೆ? ಅವಳು ಮಡಿಸಿದ್ದು ಅಂದ್ಮೇಲೆ ತೆರ್ಕೊಳ್ಳುತ್ತೆ" ಎಂದು ಭಾರದ ಚೀಲ ಎಣಿಸುವುದಕ್ಕೆ ಹೋದರು.

ಇಷ್ಟು ಕೇಳಿದ ಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ನಿನ್ನೆ ಕ್ಲಾಸು ತಪ್ಪಿಸಿ ನಿನ್ನ ವಕೀಲೆ ಮೇಡಂ ಆಫೀಸಿಗೆ ಹೋದೆ. ಇಪ್ಪತ್ನಾಲ್ಕನೇ ತಾರೀಕಿನ ವಿಚಾರಣೆಗೆ ಈ ರಿಜಿಸ್ಟರ್ ಸಾಕ್ಷಿಯಾಗುತ್ತದಲ್ಲ, ನಿನ್ನನ್ನು ವಾಪಸ್ಸು ತೆಗೆದುಕೊಳ್ಳಲೇಬೇಕಲ್ಲ ಎಂದು ಓಡಿಕೊಂಡು ಹೋದೆ. ಮೇಡಂ ಎಲ್ಲ ಬರೆದುಕೊಂಡರು, ಆದರೆ ಮುಖ ಅರಳಲಿಲ್ಲ. ನೀನು ವಿಚಾರಣೆಗೆ ಬರುವುದಿಲ್ಲ, ಅರ್ಜಿ ವಾಪಸ್ ತೆಗೆದುಕೊಳ್ಳುತ್ತೇನೆ ಎಂದಿದ್ದೀಯಂತೆ. ಯಾಕೆ ಎಂದೆ. ಫೈಲಿನಿಂದ ಒಂದು ಹಾಳೆ ತೆಗೆದು ಮುಂದಿಟ್ಟರು. ಕುಟುಂಬದ ಹೇಳಿಕೆ. ಟೈಪ್ ಮಾಡಿದ ಅರ್ಧ ಪುಟ ಇಂಗ್ಲಿಷ್, ಕೆಳಗೆ ಅಪ್ಪನ ಸಹಿ. ಚಿಕ್ಕಂದಿನಿಂದ ಕನ್ನಡಿಯ ಮುಂದೆ ನಿಂತು ಅಳುತ್ತಿದ್ದುದು, ದಿನಗಟ್ಟಲೆ ಮಾತು ಬಿಡುತ್ತಿದ್ದುದು, ಎರಡು ಬದುಕಿನ ನಡುವೆ ನರಳುತ್ತಿದ್ದುದು. ಮೆಡಿಕಲ್ ಬೋರ್ಡಿನವರು ಆ ಸಾಲುಗಳ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದಾರೆ. "ಕುಟುಂಬವೇ ಒಪ್ಪಿಕೊಂಡಂತೆ ದೀರ್ಘಕಾಲದ ಮಾನಸಿಕ ಅಸ್ಥಿರತೆ, ಆದ್ದರಿಂದ ಇನ್ನೊಬ್ಬರ ಜೀವ ಈ ಕೈಗೆ ಒಪ್ಪಿಸಲಾಗದು" ಎಂದು ಅದರ ಮೇಲೆಯೇ ತೀರ್ಮಾನ ಕಟ್ಟಿದ್ದಾರೆ. ಅಪ್ಪ ತಮ್ಮ ಬಸ್ ಡಿಪೋದ ಗುಮಾಸ್ತರಿಗೆ ಹೇಳಿ ಬರೆಸಿದ್ದು ಎಂದು ನೀನು ತಿಳಿದಿದ್ದೀಯಂತೆ. "ಹೆತ್ತ ಅಪ್ಪನೇ ಹುಚ್ಚಿ ಅಂತ ಬರೆಸಿದ ಮೇಲೆ ಯಾರ ಮುಂದೆ ಹೋಗಿ ನಿಲ್ಲಲಿ ಮೇಡಂ" ಎಂದೆಯಂತೆ. ವರ್ಷದಿಂದ ಮನೆಗೆ ಬಾರದಿರುವುದೂ ಇದಕ್ಕೇ ಎಂದು ನನಗೆ ನಿನ್ನೆ ಗೊತ್ತಾಯಿತು.

ಅಕ್ಕಾ, ಅದು ಗುಮಾಸ್ತರು ಬರೆದದ್ದಲ್ಲ. ಅಪ್ಪ ಹೇಳಿದ್ದೂ ಅಲ್ಲ. ನಾನು ಬರೆದದ್ದು. ಹೋದ ವರ್ಷ, ನಿನಗೆ ಆದೇಶ ಬರುವ ಮುಂಚೆ, ಕುಟುಂಬದ ಹೇಳಿಕೆ ಬೇಕೆಂದು ನಿನ್ನ ಸೇನೆಯವರು ಕಳಿಸಿದ ಫಾರ್ಮ್ ಹಿಡಿದು ಅಪ್ಪ ಸ್ಕೂಲ್ ಹಾಸ್ಟೆಲ್ಲಿಗೆ ಬಂದಿದ್ದರು. ಮೂವತ್ತು ವರ್ಷ ಬಸ್ ಓಡಿಸಿದ ಮನುಷ್ಯ, ಇಂಗ್ಲಿಷ್ ಕಾಗದ ಯಾರು ಕೊಟ್ಟರೂ ಕನ್ನಡಕ ಮರೆತು ಬಂದೆ ಎನ್ನುತ್ತಾರೆ, ಇಂಗ್ಲಿಷ್ ಓದಲು ಬಾರದೆಂದು ನಮ್ಮಿಬ್ಬರನ್ನು ಬಿಟ್ಟು ಡಿಪೋದಲ್ಲಿ ಒಬ್ಬರಿಗೂ ಗೊತ್ತಿಲ್ಲ. "ಚೆನ್ನಾಗಿ ಬರಿ ಮರಿ, ಅದರ ಮೇಲೇ ಕೆಲಸ ನಿಂತಿದೆಯಂತೆ" ಎಂದರು. ನಾನು ಚೆನ್ನಾಗಿ ಬರೆದೆ. ಪ್ರಬಂಧ ಸ್ಪರ್ಧೆಗಳಲ್ಲಿ ನನಗೆ ಬಹುಮಾನ ಬರುತ್ತಿದ್ದುದು ಹೇಗೆ ಗೊತ್ತೇ? ಕಷ್ಟ ಜಾಸ್ತಿ ಹಾಕಬೇಕು, ಕೊನೆಯಲ್ಲಿ ಓದುವವರ ಕಣ್ಣು ಒದ್ದೆಯಾಗಬೇಕು. ನೀನು ಎಷ್ಟು ನೋವು ತಿಂದಿದ್ದೀಯ ಎಂದು ತಿಳಿದರೆ ಅವರು ಕರಗಿ ನಿನ್ನನ್ನು ಅಲ್ಲೇ ಉಳಿಸಿಕೊಳ್ಳುತ್ತಾರೆ ಎಂದುಕೊಂಡೆ. ಕನ್ನಡಿಯ ಕತೆ ನಾನು ಕಟ್ಟಿದ್ದು. ದಿನಗಟ್ಟಲೆ ಮಾತು ಬಿಟ್ಟದ್ದೂ ಸುಳ್ಳು, ನೀನು ಎರಡು ನಿಮಿಷ ಸುಮ್ಮನಿದ್ದದ್ದನ್ನು ನಾನು ಕಂಡಿಲ್ಲ. ನಿಜ ಏನೆಂದರೆ, ನನ್ನನ್ನು ನೋಡಲು ಬಂದು ಬೆಂಚಿನ ಮೇಲೆ ಕೂತು "ಇನ್ಮೇಲೆ ಅಕ್ಕ ಅಂತ ಕರೀತೀಯಾ?" ಎಂದು ನೀನು ಕೇಳಿದಾಗ, ನಾನು "ಹಾಗಾದ್ರೆ ನನ್ನ ಸ್ವೆಟರ್ ಎಲ್ಲ ಎತ್ಕೊಂಡು ಹೋಗ್ತೀಯಾ?" ಎಂದೆ, ನೀನು "ಆ ಗುಬ್ಬಚ್ಚಿ ಸೈಜು ಯಾರಿಗೆ ಬೇಕೇ" ಎಂದು ನಕ್ಕೆ. ಅಷ್ಟೇ ನಡೆದದ್ದು. ಅದನ್ನು ಹಾಗೆಯೇ ಬರೆದಿದ್ದರೆ ಸಾಕಾಗಿತ್ತು. ಸಪ್ಪೆಯಾಗಿದೆ ಅನಿಸಿ ಉಪ್ಪು ಖಾರ ಹಾಕಿದೆ. ಕಂಪ್ಯೂಟರ್ ರೂಮಿನಲ್ಲಿ ಟೈಪ್ ಮಾಡಿ ಪ್ರಿಂಟ್ ತೆಗೆದೆ, ಬೆರಳಿಟ್ಟ ಕಡೆ ಅಪ್ಪ ಸಹಿ ಮಾಡಿದರು. ಈ ಕಾಗದವೂ ಇಂಗ್ಲಿಷಿನಲ್ಲಿ ಹಾಗೇ ಪ್ರಬಂಧದಂತೆ ಬರತೊಡಗಿತು, ಅದಕ್ಕೇ ಮೂರು ಸಲ ಹರಿದೆ.

ಇದನ್ನೆಲ್ಲ ಮೇಡಂಗೆ ಅಲ್ಲೇ ಹೇಳಿಬಿಟ್ಟೆ. ನ್ಯಾಯಮಂಡಳಿಯ ಮುಂದೆ ಹೇಳುತ್ತೀಯಾ ಎಂದರು, ಹೂಂ ಎಂದೆ. ಎದುರು ಪಕ್ಷದವರು ಆಗ ಸುಳ್ಳು ಬರೆದವಳು ಈಗ ನಿಜ ಹೇಳುತ್ತೀ ಎಂದು ಹೇಗೆ ನಂಬುವುದು ಎನ್ನುತ್ತಾರೆ, ತಯಾರಾಗಿರು ಎಂದರು. ತಯಾರಾಗಿಲ್ಲ, ಆದರೂ ಹೇಳುತ್ತೇನೆ. ಮಂಡಳಿಯವರು ಕರೆದರೆ ಮೇಷ್ಟ್ರು ರಿಜಿಸ್ಟರ್ ಸಮೇತ ಬರುತ್ತಾರಂತೆ. ನೀನೊಬ್ಬಳು ಬರದಿದ್ದರೆ ನಾವು ಯಾರ ಪರವಾಗಿ ಮಾತಾಡುವುದು? ನನ್ನ ಮೇಲೆ ಕೋಪ ಮಾಡಿಕೋ, ಬೇಕಾದಷ್ಟು ಮಾಡಿಕೋ, ಅಪ್ಪನ ಮೇಲಿನದನ್ನೂ ಸೇರಿಸಿ ನನ್ನ ಮೇಲೇ ಹಾಕು. ಅರ್ಜಿ ಮಾತ್ರ ವಾಪಸ್ ತೆಗೆಯಬೇಡ.

ಚಿಕ್ಕವಳು, ಆಶೀರ್ವಾದ ಮಾಡುವ ಹಾಗಿಲ್ಲ. ನಿನ್ನ ಕೈಗೆ, ಮಂಡಿಗೆ, ತಲೆಗೆ ಒಂದೊಂದು ನಮಸ್ಕಾರ. ಪಕ್ಕದ ಮಂಚದವಳೂ ನಿನ್ನನ್ನು ಕೇಳಿದ್ದಾಳೆ, ಅವಳಿಗೆ ಎಲ್ಲ ಹೇಳಿದ್ದೇನೆ.

ಇಂತಿ ನಿನ್ನ ತಪ್ಪಿತಸ್ಥ
ತಂಗಿ

ತಾ.ಕ.: ಲಕೋಟೆ ಅಂಟಿಸುವುದರೊಳಗೆ ಅಪ್ಪ ಬಂದರು. ಕೆಳಗೆ ವಿಸಿಟರ್ಸ್ ರೂಮಿನಲ್ಲಿ, ಮೇಡಂ ಕೊಟ್ಟಿದ್ದ ಆ ಹಾಳೆಯ ಪ್ರತಿಯನ್ನು ಸಾಲು ಸಾಲಾಗಿ ಕನ್ನಡದಲ್ಲಿ ಓದಿ ಹೇಳಿದೆ. ಇನ್ನೊಂದು ಸಲ ಓದು ಎಂದರು, ಓದಿದೆ. ಬೈಯಲಿಲ್ಲ. "ನೀನು ಸಾಕ್ಷಿಗೆ ನಿಲ್ಲಬೇಡ, ಮಗು ನೀನು, ನಾನು ನಿಲ್ತೀನಿ" ಎಂದು ನನಗೆ ಹೇಳಿದರು. ನಾವಿಬ್ಬರೂ ನಿಲ್ಲುವುದೆಂದು ತೀರ್ಮಾನವಾಗಿದೆ. ಡಿಪೋದವರೂ ಬಂದಿರುತ್ತಾರೆ, ಪೇಪರಿನವರೂ ಇರುತ್ತಾರೆ ಅಪ್ಪಾ ಎಂದರೆ ಇರಲಿ ಎಂದರು. ಅವಸರದಲ್ಲಿ ಬರೆಯುತ್ತಿದ್ದೇನೆ, ಅಂಚೆಗೆ ಹಾಕಲು ಅವರೇ ಲಕೋಟೆಗೆ ಕಾದು ನಿಂತಿದ್ದಾರೆ. ಅವರು ಹೇಳಿದ್ದನ್ನು ಒಂದು ಅಕ್ಷರ ಸೇರಿಸದೆ ಹಾಕುತ್ತಿದ್ದೇನೆ: "ಎಲ್ಲರ ಮುಂದೆ ಎದ್ದು ನಿಂತು ಹೇಳ್ತೀನಿ, ನನಗೆ ಇಂಗ್ಲಿಷ್ ಓದೋಕೆ ಬರಲ್ಲ, ಓದದೇ ಸಹಿ ಹಾಕಿದೆ ಅಂತ. ಕೇಳೋಕೆ ನಿಮ್ಮಕ್ಕ ಬರ್ತಾಳಾ ಕೇಳು."