ಬೆವರಿದ ಅನ್ನ

ಹೂಡಿ
೧೫ ಜೂನ್ ೨೦೨೫, ಭಾನುವಾರ

ಬೈರಮ್ಮನವರಿಗೆ,

ನಾಲ್ಕನೇ ಮಹಡಿಯ ಕಾವ್ಯಾ ಮಾಡುವ ನಮಸ್ಕಾರಗಳು. ಮಂಜುಶ್ರೀ, ಇದನ್ನು ನಿಮ್ಮಜ್ಜಿಗೆ ಒಂದಕ್ಷರ ಬಿಡದೆ ಓದಿ ಹೇಳಮ್ಮ. ನಡುವೆ ನನ್ನ ಮೇಲೆ ಸಿಟ್ಟು ಬಂದರೂ ನಿಲ್ಲಿಸಬೇಡ. ಪೂರ್ತಿ ಓದಿದ ಮೇಲೆ ಇನ್ನೂ ಹೆಚ್ಚು ಬರುತ್ತದೆ.

ಗೇಟು ಸುತ್ತಿಕೊಂಡು ಬಂದರೂ ನಮ್ಮ ಅಪಾರ್ಟ್‌ಮೆಂಟಿನಿಂದ ನಿಮ್ಮ ಮನೆಗೆ ಐದು ನಿಮಿಷ. ಎರಡು ಸಲ ಬಂದೆ. ಮೊದಲ ಸಲ ಕೊಟ್ಟಿಗೆಯಲ್ಲಿ ಕಟ್ಟಿದ್ದ ಹಸು ತಲೆಯೆತ್ತಿ ನನ್ನನ್ನು ನೋಡಿತು, ಅಷ್ಟಕ್ಕೇ ಹೆದರಿ ತಿರುಗಿ ಹೋದೆ. ಎರಡನೇ ಸಲ ಅದೂ ನೋಡಲಿಲ್ಲ, ಆದರೂ ತಿರುಗಿ ಹೋದೆ. ಅದಕ್ಕೇ ಬರೆಯುತ್ತಿದ್ದೇನೆ. ಬಾಯಲ್ಲಿ ಹೇಳಿದರೆ ನಾಳೆ ನಾನು ಹಾಗೆ ಹೇಳಲೇ ಇಲ್ಲ ಎಂದುಬಿಡಬಹುದು. ನನ್ನ ಬಗ್ಗೆ ನನಗೀಗ ಅಷ್ಟು ನಂಬಿಕೆ ಉಳಿದಿಲ್ಲ. ಕಾಗದವಾದರೆ ನೀವು ಯಾರಿಗೆ ಬೇಕಾದರೂ ತೋರಿಸಬಹುದು.

ಬಸವ ಜಯಂತಿಯ ದಿನ ನಮ್ಮಲ್ಲಿ ಹನ್ನೊಂದು ಜನ ವಾಂತಿ ಮಾಡಿಕೊಂಡದ್ದು ನಿಮ್ಮ ಮೊಸರಿನಿಂದ ಅಲ್ಲ. ನನ್ನ ಅನ್ನದಿಂದ.

ಆ ಹಬ್ಬಕ್ಕೆ ಮನೆಗೊಂದು ಅಡುಗೆ ಎಂದು ಮಾತಾಗಿತ್ತು. ಮೊಸರನ್ನ ನನ್ನ ಪಾಲಿಗೆ ಬಂತು. ಹಿಂದಿನ ದಿನ ಸಂಜೆ ಆರಕ್ಕೆ ನಾಲ್ಕು ಕೆಜಿ ಅಕ್ಕಿ ಬೇಯಿಸಿ, ದೊಡ್ಡ ಪಾತ್ರೆಗೆ ಮುಚ್ಚಳ ಹಾಕಿ, ನೊಣ ಕೂರದಿರಲಿ ಎಂದು ಮೇಲೊಂದು ಟವೆಲನ್ನೂ ಸುತ್ತಿದ್ದೆ. ಆ ಹೊತ್ತಿಗೆ ನೀವು ಮೊಸರಿನ ಕ್ಯಾನು ಹಿಡಿದು ಬಂದಿರಿ. ಪಾತ್ರೆ ಮುಟ್ಟಿ ನೋಡಿ, "ಬಿಸಿ ಅನ್ನ ಇಂಗೆ ಮುಚ್ಚಿಡ್ಬ್ಯಾಡ ಕಣಮ್ಮ, ಬೆವರ್ತದೆ. ಅಗಲವಾಗಿ ಅರವಿ ಆರಾಕು" ಎಂದಿರಿ. ನೆನಪಿದೆಯೇ? ನಾನೇನು ಹೇಳಿದೆ ಎಂಬುದೂ ನಿಮಗೆ ನೆನಪಿರುತ್ತದೆ. "ಬೈರಮ್ಮ, ನಾನು ಓದಿರೋದೇ ಇದನ್ನ" ಎಂದೆ. ನೀವು ನಕ್ಕು, "ಅಂಗಾ? ಸರಿ ಬಿಡವ್ವ" ಎಂದು ಖಾಲಿ ಕ್ಯಾನು ತೆಗೆದುಕೊಂಡು ಹೋದಿರಿ.

ಓದಿರುವುದು ನಿಜ. ಪೀಣ್ಯದಲ್ಲಿ ಊಟ ತಿಂಡಿ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ನನ್ನ ಕೆಲಸ. ವೈಟ್‌ಫೀಲ್ಡಿನ ಕಂಪನಿ ಕ್ಯಾಂಟೀನುಗಳ ಅಡುಗೆಯವರನ್ನು ಸಾಲಾಗಿ ಕೂರಿಸಿ ನಾನೇ ಪಾಠ ಮಾಡುತ್ತೇನೆ. ಅಕ್ಕಿಯಲ್ಲಿ ಹೊಲದ ಮಣ್ಣಿನಿಂದ ಬಂದ ಒಂದು ಬಗೆಯ ಬ್ಯಾಕ್ಟೀರಿಯಾ ಇರುತ್ತದೆ. ಕುದಿಸಿದರೂ ಅದು ಪೂರ್ತಿ ಸಾಯುವುದಿಲ್ಲ, ಬೀಜದ ಹಾಗೆ ಗಟ್ಟಿ ಸಿಪ್ಪೆಯೊಳಗೆ ಸುಮ್ಮನಿರುತ್ತದೆ. ಅನ್ನ ಉಗುರುಬೆಚ್ಚಗಾದಾಗ ಎದ್ದು, ಒಂದು ಎರಡಾಗಿ, ಎರಡು ನಾಲ್ಕಾಗಿ, ಸುಮಾರು ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗುತ್ತ ಹೋಗುತ್ತದೆ. ಬೆಳೆಯುತ್ತ ಅದು ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ತಡೆಯುವುದಕ್ಕೆ ದೊಡ್ಡ ಯಂತ್ರವೇನೂ ಬೇಡ. ಅನ್ನವನ್ನು ಅಗಲವಾಗಿ ಹರವಿ, ಬೇಗ ಆರಿಸಿ, ತಣ್ಣಗಿಡಬೇಕು. ಇದನ್ನು ಹೇಳಲು ನನಗೆ ಒಂದು ಗಂಟೆ, ಮೂವತ್ತು ಚಿತ್ರಗಳು ಬೇಕು. ನೀವು ಬಾಗಿಲಲ್ಲಿ ನಿಂತು ಒಂದೇ ಮಾತಿನಲ್ಲಿ ಹೇಳಿದಿರಿ.

ಅವತ್ತು ಕೆಳಗೆ ಮಕ್ಕಳ ಹಾಡಿನ ತಾಲೀಮಿಗೆ ಹೋದವಳು ಅನ್ನವನ್ನು ಮರೆತೇಬಿಟ್ಟೆ. ಮರೆತದ್ದಷ್ಟೇ ಆಗಿದ್ದರೆ ಈ ಪತ್ರ ಇಷ್ಟು ತಡವಾಗುತ್ತಿರಲಿಲ್ಲ. ಬೆಳಗ್ಗೆ ಮೊಸರು ಕಲಸಲು ಕೈಯಾಡಿಸಿದಾಗ ಪಾತ್ರೆಯ ನಡುವೆ ಅನ್ನ ಇನ್ನೂ ಬೆಚ್ಚಗಿತ್ತು. ನನ್ನ ಕೈಗೆ ಅದರ ಅರ್ಥ ಗೊತ್ತಿತ್ತು. ಮೂಸಿ ನೋಡಿದೆ, ವಾಸನೆ ಇರಲಿಲ್ಲ. ವಾಸನೆಯಿಂದ ಏನೂ ಗೊತ್ತಾಗುವುದಿಲ್ಲ ಎಂದು ಅಡುಗೆಯವರಿಗೆ ಹೇಳಿಕೊಡುವವಳೂ ನಾನೇ. ಆದರೂ ಎಂಬತ್ತು ಜನರ ಊಟದ ಹೊತ್ತಿಗೆ ಮೊಸರನ್ನ ಇಲ್ಲ ಎಂದು ಹೇಳುವ ಅವಮಾನ ನನಗೆ ಬೇಡವಾಗಿತ್ತು. ಒಗ್ಗರಣೆ ಹಾಕಿ, ದಾಳಿಂಬೆ ಉದುರಿಸಿ ತೆಗೆದುಕೊಂಡು ಹೋದೆ. ಬಡಿಸುವಾಗ ನನ್ನ ಯಜಮಾನರು ಸಂಗಮೇಶ್ ನನಗೂ ಒಂದು ಸೌಟು ಹಾಕಲು ಬಂದರು. ಹೊಟ್ಟೆ ತುಂಬಿದೆ ಎಂದೆ. ತುಂಬಿರಲಿಲ್ಲ. ಈ ಮಾತನ್ನು ನಾನು ಅವರಿಗೂ ಇನ್ನೂ ಹೇಳಿಲ್ಲ.

ಎರಡು ಮೂರು ಗಂಟೆಯಲ್ಲಿ ಶುರುವಾಯಿತು. ನಮ್ಮ ಎದುರು ಮನೆಯ ಸ್ಫೂರ್ತಿಗೆ ಆರು ವರ್ಷ, ಆಸ್ಪತ್ರೆಯಲ್ಲಿ ಒಂದು ದಿನ ಡ್ರಿಪ್ ಹಾಕಿದರು. ಈಗ ಎಲ್ಲರೂ ಚೆನ್ನಾಗಿದ್ದಾರೆ. ಮಾರನೇ ದಿನ ಮೀಟಿಂಗ್ ಸೇರಿದಾಗ ಯಾರೋ ಮೊಸರಿನ ಮಾತೆತ್ತಿದರು. ಕಾರ್ಯದರ್ಶಿ ಕೊಟ್ರಪ್ಪನವರು ನನ್ನ ಕಡೆ ತಿರುಗಿ, "ನೀವು ಲ್ಯಾಬಿನವರು ಮೇಡಂ, ನೀವೇ ಹೇಳಿ" ಎಂದರು. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ನಾನು, "ಲೂಸ್ ಮೊಸರು ಯಾವಾಗ್ಲೂ ಸ್ವಲ್ಪ ರಿಸ್ಕೇ ಸಾರ್" ಎಂದೆ. ನಿಮ್ಮ ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಎಂಟು ವರ್ಷದಿಂದ ಇಲ್ಲಿಗೆ ಕ್ಯಾನಿನಲ್ಲಿ ಮೊಸರು ತರುವವರು ನೀವೊಬ್ಬರೇ.

ಅದರ ಮಾರನೇ ಬೆಳಗ್ಗೆ ವಾಚ್‌ಮನ್ ದಾಸಪ್ಪ ನಿಮ್ಮನ್ನು ಗೇಟಿನಲ್ಲಿ ತಡೆದದ್ದನ್ನು ನಾನು ನೋಡಿದೆ. ನೀವು ನನ್ನನ್ನು ಕಂಡು, "ನನ್ ಮೊಸರಾಗೆ ಏನಿತ್ತವ್ವ, ನೀನಾರ ಏಳು" ಎಂದಿರಿ. ನಾನು ಫೋನು ಕಿವಿಗಿಟ್ಟುಕೊಂಡು ಮೆಟ್ರೋ ಕಡೆ ಹೋದೆ. ಆ ಕಡೆಯಿಂದ ಯಾರೂ ಮಾತಾಡುತ್ತಿರಲಿಲ್ಲ ಬೈರಮ್ಮ, ನಾನು ಯಾರಿಗೂ ಫೋನು ಮಾಡಿರಲಿಲ್ಲ.

ಆ ದಿನ ನನ್ನ ಚೀಲದಲ್ಲಿ ಎರಡು ಡಬ್ಬಿ ಇದ್ದವು. ಒಂದರಲ್ಲಿ ಮೊಸರು ಕಲಸುವ ಮೊದಲು ಲ್ಯಾಬಿನ ಅಭ್ಯಾಸದಿಂದ ಫ್ರಿಜ್ಜಿನಲ್ಲಿ ತೆಗೆದಿಟ್ಟಿದ್ದ ಬರೀ ಅನ್ನ, ಇನ್ನೊಂದರಲ್ಲಿ ನಿಮ್ಮ ಮೊಸರು. ಲ್ಯಾಬಿನಲ್ಲಿ ಎರಡರಿಂದಲೂ ಚೂರು ತೆಗೆದು, ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪುಟ್ಟ ತಟ್ಟೆಗಳಲ್ಲಿ ಪರೀಕ್ಷೆಗೆ ಇಟ್ಟೆ. ಮಾರನೇ ದಿನ ತೆಗೆದರೆ, ಅನ್ನದ ತಟ್ಟೆಯ ತುಂಬ ಗುಲಾಬಿ ಬಣ್ಣದ ಚುಕ್ಕೆಗಳು, ಎಣಿಸಲು ಜಾಗವಿಲ್ಲದಷ್ಟು. ನಿಮ್ಮ ಮೊಸರಿನಲ್ಲಿ ಇರಬೇಕಾದವು ಇದ್ದವು, ಇರಬಾರದ್ದು ಒಂದೂ ಇರಲಿಲ್ಲ. ನಿಜ ಹೇಳಬೇಕೆಂದರೆ ಅಂಥ ಹುಳಿಯಲ್ಲಿ ಆ ಬ್ಯಾಕ್ಟೀರಿಯಾ ಬೆಳೆಯುವುದೇ ಕಷ್ಟ. ನಿಮ್ಮ ಮೊಸರು ನನ್ನ ಅನ್ನವನ್ನು ಸೇರುವಷ್ಟರಲ್ಲಿ ವಿಷ ಆಗಿಹೋಗಿತ್ತು.

ಜೊತೆಗೆ ಕೆಲಸ ಮಾಡುವ ಬಸಲಿಂಗ ಅನ್ನದ ತಟ್ಟೆ ನೋಡಿ ಎಲ್ಲಿಯದು ಎಂದು ಕೇಳಿದ. ಯಾವುದೋ ಕ್ಯಾಂಟೀನಿನದು ಎಂದೆ. "ಯಾವನ್ರೀ ಆ ಅಡಗಿಯವ, ಬಿಸಿ ಅನ್ನ ಮುಚ್ಚಿಟ್ಟಾನ ನೋಡ್ರಿ. ಅಂವನ್ನ ಮೊದಲ ಕೆಲಸದಿಂದ ತಗೀಬೇಕ್ರಿ" ಎಂದ. ಹೌದು ಎಂದು ತಲೆಯಾಡಿಸಿದೆ. ಆ ವರದಿಯನ್ನು ಆರು ವಾರ ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟಿದ್ದೆ.

ನಿನ್ನೆ ಮೆಟ್ರೋ ನಿಲ್ದಾಣದಲ್ಲಿ ಮಂಜುಶ್ರೀ ಸಿಕ್ಕಳು. ನಾನು ಕೇಳದಿದ್ದರೂ ಹೇಳಿದಳು. "ಅಜ್ಜಿ ಮೊಸರು ಮಾಡೋದೇ ಬಿಟ್ಬಿಟ್ಟಿದ್ದಾರೆ ಆಂಟಿ. ನನ್ ಕೈಯಾಗೇ ಏನೋ ಐತೆ, ಮಗೀಗೆ ಅಂಗಾಯ್ತು ಅಂತಾರೆ. ಹೆಪ್ಪನ್ನೂ ಚೆಲ್ಲಿ ಚಟ್ಟಿ ತೊಳೆದು ಕವುಚಿ ಹಾಕಿದ್ದಾರೆ" ಎಂದಳು. ನೀವು ಮದುವೆಯಾಗಿ ಬರುವಾಗ ಮಾಲೂರಿನ ತವರಿನಿಂದ ಚಟ್ಟಿಯಲ್ಲಿ ತಂದ ಹೆಪ್ಪು ಅದು, ಒಂದು ದಿನವೂ ತಪ್ಪಿಸಿಲ್ಲ ಎಂದು ನೀವೇ ಹೇಳುತ್ತಿದ್ದಿರಿ. ಗಿರಾಕಿ ಹೋದದ್ದು ನನಗೆ ಗೊತ್ತಿತ್ತು, ಅದನ್ನು ಹೇಗೋ ನುಂಗಿಕೊಂಡಿದ್ದೆ. ನೀವು ನಿಮ್ಮ ಕೈಯನ್ನೇ ಅನುಮಾನಿಸುತ್ತಿದ್ದೀರಿ ಎಂದು ಕೇಳಿದ ಮೇಲೆ ನನಗೆ ನಾಚಿಕೆಯಿಂದ ಅಲ್ಲಿ ನಿಲ್ಲಲಾಗಲಿಲ್ಲ.

ನಿಮ್ಮ ಕೈಯಲ್ಲಿ ಏನೂ ಇಲ್ಲ ಬೈರಮ್ಮ. ನನ್ನ ಕೈಯಲ್ಲಿತ್ತು, ನಾನು ಅದನ್ನು ನಿಮ್ಮ ಕೈಗೆ ಒರೆಸಿದೆ.

ಇವತ್ತು ಬೆಳಗ್ಗೆ ವರದಿಯನ್ನು ನೋಟಿಸ್ ಬೋರ್ಡಿಗೆ ಅಂಟಿಸಿದ್ದೇನೆ. ಕೆಳಗೆ ಅನ್ನ ಮಾಡಿದವಳ ಹೆಸರು, ಮನೆ ನಂಬರು ಬರೆದಿದ್ದೇನೆ. ಅಪಾರ್ಟ್‌ಮೆಂಟಿನ ಗ್ರೂಪಿಗೂ ಹಾಕಿದೆ. ಸ್ಫೂರ್ತಿಯ ತಾಯಿ ಐಶ್ವರ್ಯಾ ಬಾಗಿಲು ತೆರೆದು, ನನ್ನ ಮಾತು ಪೂರ್ತಿ ಕೇಳಿ, ಬಾಗಿಲು ಹಾಕಿಕೊಂಡರು. ಅದು ನ್ಯಾಯವೇ. ಕೊಟ್ರಪ್ಪನವರು ನಿಮ್ಮ ಮನೆಗೆ ಬರುತ್ತಾರೆ. ಮತ್ತೆ ಮೊಸರು ತನ್ನಿ ಎಂದು ಕೇಳಬಹುದು. ತರುವುದು ಬಿಡುವುದು ನಿಮ್ಮಿಷ್ಟ, ಬೇಡ ಎನ್ನುವ ಹಕ್ಕು ನಿಮಗಿದೆ. ಕ್ಷಮಿಸಿ ಎಂದು ಕೇಳಲು ಬಾಯಿ ಬರುತ್ತಿಲ್ಲ, ಆದರೂ ಕೇಳುತ್ತಿದ್ದೇನೆ.

ತಲೆ ತಗ್ಗಿಸಿ,
ಕಾವ್ಯಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಕೊನೆಗೆ ಇಟ್ಟುಕೊಂಡದ್ದು. ಈ ಪತ್ರದ ಜೊತೆ ದಾಸಪ್ಪನ ಕೈಯಲ್ಲಿ ಒಂದು ಸ್ಟೀಲ್ ಡಬ್ಬಿ ಕಳಿಸಿದ್ದೇನೆ. ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದು ಎಂದು ನೀವು ಹೇಳುತ್ತಿದ್ದಿರಿ, ಅದಕ್ಕೆ ಹಗಲಲ್ಲೇ ಕಳಿಸಿದೆ. ಡಬ್ಬಿಯಲ್ಲಿರುವುದು ನಿಮ್ಮದೇ ಹೆಪ್ಪು. ಆ ಹನ್ನೊಂದು ಜನ ವಾಂತಿ ಮಾಡಿಕೊಂಡ ದಿನವೇ, ಸಂಜೆ, ಉಳಿದಿದ್ದ ನಿಮ್ಮ ಮೊಸರಿನಿಂದ ನಮ್ಮ ಮನೆಯ ಹಾಲಿಗೆ ಹೆಪ್ಪು ಹಾಕಿದೆ. ಲ್ಯಾಬಿನ ತಟ್ಟೆ ನೋಡುವ ಮೊದಲೇ, ಮೀಟಿಂಗಿನಲ್ಲಿ ಆ ಮಾತು ಆಡುವ ಮೊದಲೇ. ಅವತ್ತಿನಿಂದ ಇವತ್ತಿನವರೆಗೆ ಒಂದು ದಿನವೂ ತಪ್ಪದೆ ಅದನ್ನೇ ತಿಂದಿದ್ದೇನೆ.